ಬಾದಾಮಿ ಬಂಡೆಗೆ ಒಬ್ಬರೇ ಹತ್ತುವುದಾದರೆ ಹಗ್ಗ ಕಟ್ಟುವುದು ಹೀಗೆ

ಚಳಿಗಾಲ ಬಂತೆಂದರೆ ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಲ್ಲಿ ಹಗ್ಗ ಹಿಡಿಯುವ ಜೊತೆಗಾರರಿಲ್ಲದೆ ಒಬ್ಬರೇ ಹತ್ತುವವರೂ ಕಾಣುತ್ತಾರೆ. ಮೇಲಿನ ಆಂಕರ್ ಅನ್ನು, ಅಂದರೆ ಬಂಡೆಯ ತಲೆಯಲ್ಲಿ ಹಗ್ಗ ಕಟ್ಟುವ ಆಧಾರವನ್ನು, ಬಹುತೇಕರು ಸರಿಯಾಗಿಯೇ ಕಟ್ಟಿರುತ್ತಾರೆ. ಎಡವುವುದು ಸೊಂಟದ ಹತ್ತಿರ, ಹಗ್ಗ ಕಚ್ಚುವ ಡಿವೈಸ್ ಸಿಕ್ಕಿಸುವಲ್ಲಿ. ಆಂಕರ್ ಕಟ್ಟಲು, ಹಗ್ಗದ ಮೇಲೆ ಇಳಿಯಲು ಬಾರದವರು ಇದಕ್ಕೆ ಕೈ ಹಾಕಬೇಡಿ. ಗುಹಾಲಯ, ಗುಡಿಗಳಿಗೆ ಹೊಂದಿಕೊಂಡ ಬಂಡೆಗಳ ತಂಟೆಯೂ ಬೇಡ.

ಹಗ್ಗ 10.5 ಮಿ.ಮೀ. ಸೆಮಿ ಸ್ಟ್ಯಾಟಿಕ್, ಅಂದರೆ ಕಡಿಮೆ ಜಗ್ಗುವ ಬಗೆಯದು, ಇರಲಿ. 20 ಮೀಟರ್ ಗೋಡೆಗೆ, ಎರಡು ಎಳೆ ಬಿಡಲು, 50 ಮೀಟರ್ ಬೇಕು. ಡೈನಮಿಕ್ ಹಗ್ಗ ಬೇಡ. ಅಷ್ಟು ಉದ್ದದಲ್ಲಿ ಅದು ಮೈಭಾರಕ್ಕೇ ಒಂದೂವರೆ ಮೀಟರ್ ಜಗ್ಗಬಹುದು, ಶುರುವಿನಲ್ಲೇ ಜಾರಿದರೆ ಕಾಲು ನೆಲಕ್ಕೆ ಬಡಿಯುತ್ತದೆ. ಬಾವಿಗೆ ಕೊಡ ಬಿಡುವ ಅಂಗಡಿ ನೈಲಾನ್ ಹಗ್ಗದ ಮಾತು ಎತ್ತಲೇಬೇಡಿ.

ಆಂಕರ್: ಅಂಚಿಗೆ ಹೋಗುವ ಮುಂಚೆ ನಿಮ್ಮನ್ನು ಕಟ್ಟಿಕೊಳ್ಳಿ. ಹಗ್ಗದ ನಡುಭಾಗದಲ್ಲಿ 8ರ ಆಕಾರದ, ಎರಡು ಕಿವಿಯ (ಕುಣಿಕೆಯ) ಗಂಟು ಹಾಕಿ, ಒಂದೊಂದು ಕಿವಿಯನ್ನು ಬಂಡೆಗೆ ಹೊಡೆದ ಒಂದೊಂದು ಬೋಲ್ಟಿಗೆ ಬಾಯಿ ಬಿಗಿಯುವ ಕೊಂಡಿ, ಅಂದರೆ ಲಾಕಿಂಗ್ ಕ್ಯಾರಬಿನರ್‌ನಿಂದ ಸಿಕ್ಕಿಸಿ. ಎರಡು ಎಳೆ ಕೆಳಗೆ ಬಿಡಿ, ತುದಿಗಳಿಗೆ ಗಂಟು ಹಾಕಿ. ಬೋಲ್ಟಿನ ಹ್ಯಾಂಗರ್ (ಕೊಂಡಿ ಸಿಕ್ಕಿಸುವ ಲೋಹದ ತಟ್ಟೆ) ಕೈಯಲ್ಲಿ ತಿರುಗಿದರೆ ಆ ಜಾಗ ಬಿಟ್ಟುಬಿಡಿ. ಗಂಟು ಅಂಚಿನಿಂದ ಕೆಳಗೆ ತೂಗುವಂತಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಚಿಗೆ ಹಳೆ ಜೀನ್ಸ್ ಎರಡು ಮಡಿಕೆ ಹಾಸಿ, ಅದನ್ನೂ ಬೇರೆ ದಾರದಿಂದ ಕಟ್ಟಿ. ಹಗ್ಗ ಇಡೀ ದಿನ ಅದೇ ಜಾಗದಲ್ಲಿ ಗರಗಸದಂತೆ ಉಜ್ಜುತ್ತಿರುತ್ತದೆ.

ಈಗ ಡಿವೈಸ್. ಎರಡು ಬೇಕು, ಎರಡೂ ಒಂದೇ ಎಳೆಯ ಮೇಲೆ, ಆದರೆ ಬೇರೆ ಬೇರೆ ಬಗೆಯವಿರಲಿ. ಒಂದೇ ಬಗೆಯವಾದರೆ ಒಂದೇ ಕಾರಣಕ್ಕೆ ಎರಡೂ ಕೈಕೊಡಬಹುದು. ಕೆಳಗಿನದನ್ನು ಓವಲ್ ಲಾಕಿಂಗ್ ಕ್ಯಾರಬಿನರ್‌ನಿಂದ ನೇರವಾಗಿ ಹಾರ್ನೆಸ್‌ನ ಬಿಲೇ ಲೂಪಿಗೆ (ಸೊಂಟಪಟ್ಟಿಯ ಮುಂದಿನ ಗಟ್ಟಿ ಕುಣಿಕೆಗೆ), ಮೇಲಿನದನ್ನು ಅದೇ ಲೂಪಿನಿಂದ ಗಿಡ್ಡ ಸ್ಲಿಂಗ್ (ಪಟ್ಟಿಯ ಕುಣಿಕೆ) ಮೇಲೆ ಹಾಕಿ. ಮೇಲಿನದು ನೆಟ್ಟಗೆ ನಿಲ್ಲಲು ಕುತ್ತಿಗೆಗೆ ಎಲಾಸ್ಟಿಕ್ ದಾರದ ಕುಣಿಕೆ ಸಾಕು. ಇವೆರಡರ ನಡುವೆ ಒಂದು ಗೇಣು ಅಂತರ ಇರಲೇಬೇಕು. ಕಡಿಮೆಯಾದರೆ ಮೇಲಿನದು ಕುಸಿದು ಕೆಳಗಿನದರ ಕ್ಯಾಮ್ (ಹಗ್ಗ ಕಚ್ಚುವ ತಿರುಗುವ ತುಂಡು) ಮೇಲೆ ಕೂರುತ್ತದೆ, ಕ್ಯಾಮ್ ಕಚ್ಚುವುದಿಲ್ಲ. ಹಾಗೆಂದು ಸ್ಲಿಂಗ್ ಕೈಗೆಟುಕದಷ್ಟು ಉದ್ದವಾದರೆ ಆಮೇಲೆ ಬಿಡಿಸಲಾಗದು.

ಈ ಡಿವೈಸ್‌ಗಳ ಪೈಕಿ ಮೈಕ್ರೋ ಟ್ರಾಕ್ಷನ್‌ನಂಥವುಗಳಲ್ಲಿ ಕ್ಯಾಮ್ ಅನ್ನು ತೆರೆದೇ ನಿಲ್ಲಿಸುವ ಗುಂಡಿ ಇದೆ. ಅಂಗಿಯ ಅಂಚು, ಸ್ಲಿಂಗಿನ ಹೊಲಿಗೆ ತಾಗಿ ಅದು ಒತ್ತಿಕೊಂಡರೆ ಡಿವೈಸ್ ಬರೀ ರಾಟೆ. ಅಂಗಿಯನ್ನು ಹಾರ್ನೆಸ್ ಒಳಗೆ ಸಿಕ್ಕಿಸಿ. ಇಲ್ಲಿನ ಮರಳು ಕ್ಯಾಮ್‌ನ ಹಲ್ಲಿಗೆ ಅಂಟುವುದರಿಂದ ಹಳೆ ಟೂತ್‌ಬ್ರಷ್ ಚೀಲದಲ್ಲಿರಲಿ. ಶಂಟ್ ಎಂಬ ಇನ್ನೊಂದು ಬಗೆಯ ಡಿವೈಸ್ ಒಂದನ್ನೇ ನಂಬುವವರಿಗೆ: ಬೀಳುವಾಗ ಗಾಬರಿಯಲ್ಲಿ ಅದನ್ನು ಹಿಡಿದರೆ ಅದು ಹಗ್ಗ ಬಿಟ್ಟುಬಿಡುತ್ತದೆ.

ನೆಲದಲ್ಲೇ ಪರೀಕ್ಷೆ: ಒಂದೊಂದನ್ನೂ ಮೇಲಕ್ಕೆ ತಳ್ಳಿ, ಜಾರಬೇಕು, ಕೆಳಕ್ಕೆ ಎಳೆದರೆ ಕಚ್ಚಬೇಕು. ಆಮೇಲೆ ಮೈಭಾರ ಹಾಕಿ ಕೂತು ನೋಡಿ.

ಮೊದಲ ನಾಲ್ಕೈದು ಮೀಟರ್ ಅಪಾಯದ್ದು. ಕೆಳಗಿನ ಹಗ್ಗಕ್ಕೆ ತೂಕವಿಲ್ಲದಿದ್ದರೆ ಅದು ಡಿವೈಸ್ ಮೂಲಕ ಹರಿಯದೆ ನಿಮ್ಮೊಂದಿಗೇ ಮೇಲೇರುತ್ತದೆ, ಮೇಲೆ ಸಡಿಲ ಸೇರುತ್ತದೆ. ಆ ಸಡಿಲಿನಲ್ಲಿ ಬಿದ್ದರೆ ಹಲ್ಲುಗಳು ಹಗ್ಗದ ಹೊರಕವಚವನ್ನು ಹರಿಯಬಹುದು. ಹಾಗಾಗಿ ಡಿವೈಸ್ ಇರುವ ಎಳೆಗೆ ಒಂದೂವರೆ ಕೆ.ಜಿ. ಮರಳಿನ ಚೀಲ ಕಟ್ಟಿ, ನೆಲದಿಂದ ನಾಲ್ಕು ಬೆರಳು ಮೇಲೆ ತೂಗಲಿ. ಬುತ್ತಿಯ ಚೀಲ ಕಟ್ಟಿದರೆ ಬಾದಾಮಿಯ ಮಂಗಗಳು ನಿಮ್ಮ ಹಗ್ಗ ಜಗ್ಗುತ್ತವೆ.

ಡಿವೈಸ್ ಕೈಕೊಟ್ಟರೆ ಹಿಡಿಯಲು, ಎರಡನೇ ಎಳೆಯಲ್ಲಿ ಮೂರು ಮೀಟರಿಗೊಂದು ಕುಣಿಕೆ ಬಿಡುವ ಬಟರ್‌ಫ್ಲೈ ಗಂಟು. ಹತ್ತುತ್ತಾ ಹೊಸ ಗಂಟಿನ ಕುಣಿಕೆಗೆ ಹಾರ್ನೆಸ್ಸಿಗೆ ಕಟ್ಟಿದ ಲಾಕಿಂಗ್ ಕ್ಯಾರಬಿನರ್ ಸಿಕ್ಕಿಸಿದ ಮೇಲೆಯೇ ಹಳೆಯದನ್ನು ಬಿಡಿಸಿ.

ಅರ್ಧದಲ್ಲಿ ಇಳಿಯಬೇಕಾದರೆ: ಡಿವೈಸ್‌ಗಳ ಕೆಳಗೆ ಗ್ರಿಗ್ರಿ (ಹಗ್ಗದ ಮೇಲೆ ಇಳಿಸುವ, ತಾನೇ ಹಿಡಿಯುವ ಸಾಧನ) ಹಾಕಿ ಹಗ್ಗ ಬಿಗಿ ಮಾಡಿ. ಮೇಲೆ, ಹಗ್ಗಕ್ಕೆ ಸುತ್ತಿ ಭಾರ ಬಿದ್ದಾಗ ಬಿಗಿಯುವ ಪ್ರುಸಿಕ್ ಗಂಟಿನ ಕಾಲ್ಕುಣಿಕೆ ಕಟ್ಟಿ ಅದರಲ್ಲಿ ನಿಂತು, ಮೇಲಿನ ಕ್ಯಾಮ್, ಆಮೇಲೆ ಕೆಳಗಿನದು ಬಿಡಿಸಿ, ಗ್ರಿಗ್ರಿ ಮೇಲೆ ಕೂರಿ. ಎರಡನೇ ಎಳೆಯ ಕ್ಯಾರಬಿನರ್ ಕೊನೆಗೆ ತೆಗೆಯಿರಿ. ಇದನ್ನು ನೆಲದಿಂದ ಎರಡಡಿ ಮೇಲೆ ಹತ್ತು ಸಲ ಮಾಡಿ ಕಲಿಯಿರಿ. ಹೆಜ್ಜೇನು ಎದ್ದಾಗ ಕಲಿಯಲು ಪುರುಸೊತ್ತಿರುವುದಿಲ್ಲ. ಗೋಡೆಯಲ್ಲಿ ಗೂಡು ಕಂಡರೆ ಅಂದು ಆ ಕಡೆ ಹಗ್ಗವನ್ನೇ ಬಿಡಬೇಡಿ.