ಶೆಡ್ಡಿನಲ್ಲಿ ನಿಂತಿದ್ದ 1968ರ ಜೀಪನ್ನು ರಸ್ತೆಗೆ ತಂದದ್ದು

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟ. ಅಲ್ಲಿನ ಶೆಡ್ಡಿನಲ್ಲಿ ಈ ಜೀಪು ಹನ್ನೊಂದು ವರ್ಷದಿಂದ ನಿಂತಿತ್ತು. ಬಾನೆಟ್ ಮೇಲೆ ಗೋಣಿಚೀಲದ ರಾಶಿ, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. 1968ರ ಮಹೀಂದ್ರ ಸಿಜೆ-3ಬಿ, ಪೆಟ್ರೋಲ್ ಗಾಡಿ. ನಂಬರ್ ಪ್ಲೇಟಿನಲ್ಲಿ ಮೈಸೂರು ರಾಜ್ಯದ ಕಾಲದ ಎಂವೈ ಅಕ್ಷರ ಇನ್ನೂ ಓದಲು ಬರುತ್ತಿತ್ತು.

ಜೀಪಿನವರು ಇದನ್ನು ‘ಹೈ ಬಾನೆಟ್’ ಅನ್ನುತ್ತಾರೆ. ವಿಲ್ಲೀಸ್ ಕಂಪನಿ 1953ರಲ್ಲಿ ಈ ಮಾದರಿ ತಂದಾಗ ಹರಿಕೇನ್ ಎಂಬ ಹೊಸ ಎಂಜಿನ್ ಹಾಕಿತು. ಹಳೆಯ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿ ಒಳಗೆ ಬಿಡುವ (ಇನ್‌ಟೇಕ್), ಹೊಗೆ ಹೊರಗೆ ಬಿಡುವ (ಎಕ್ಸಾಸ್ಟ್) ಎಲ್ಲ ವಾಲ್ವೂ ಪಕ್ಕದಲ್ಲಿ, ಬ್ಲಾಕಿನಲ್ಲೇ ಇರುತ್ತಿದ್ದವು. ಇದರಲ್ಲಿ ಇನ್‌ಟೇಕ್ ವಾಲ್ವ್ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿಗೆ ಹೋಯಿತು, ಎಕ್ಸಾಸ್ಟ್ ಮಾತ್ರ ಕೆಳಗೆ ಉಳಿಯಿತು. ಎಂಜಿನ್ ಎತ್ತರವಾಯಿತು, ಅದಕ್ಕೆ ತಕ್ಕಂತೆ ಬಾನೆಟ್ಟೂ ಮೇಲೆದ್ದಿತು. ನೋಡಲು ಸ್ವಲ್ಪ ದಪ್ಪ ಮೂಗಿನ ಹಾಗೆ ಕಾಣುತ್ತದೆ. ನನಗೆ ಆ ಮೂಗೇ ಇಷ್ಟ.

ಇದಕ್ಕೂ ಮೊದಲು ಎರಡು ಜೀಪು ನೋಡಿ ಬಿಟ್ಟಿದ್ದೆ. ಒಂದು ಫಳಫಳ ಹೊಳೆಯುತ್ತಿತ್ತು. ಅಗಲದ ಟೈರು, ಮುಂದೆ ದೊಡ್ಡ ಬಂಪರು, ಒಳಗೆ ಡೀಸೆಲ್ ಎಂಜಿನ್. ಆದರೆ ಆರ್‌ಸಿಯಲ್ಲಿ ಪೆಟ್ರೋಲ್ ಅಂತಲೇ ಇತ್ತು. ಅಲ್ಲಿಗೆ ಕೈ ಮುಗಿದು ಬಂದೆ. ಕಂಪನಿ ಕೊಟ್ಟ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಕಾನೂನು ಒಂದು ಕಡೆ ಇರಲಿ, ನನಗೆ ಬೇಕಾಗಿದ್ದದ್ದು ಆ ಜೀಪು ಹುಟ್ಟಿದಾಗ ಹೇಗಿತ್ತೋ ಹಾಗೇ ಇರುವ ಜೀಪು. ಹನ್ನೊಂದು ವರ್ಷ ನಿಂತ ಗಾಡಿಯನ್ನು ಯಾರೂ ಮುಟ್ಟಿರುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ದೊಡ್ಡ ಲಾಭ.

ಮೊದಲ ದಿನ ನಾನು ಹಿಡಿದುಕೊಂಡು ಹೋಗಿದ್ದು ಮೂರೇ ಸಾಮಾನು. ಟಾರ್ಚು, ಮರಳು ಕಾಗದ, ಒಂದು ಸ್ಕ್ರೂಡ್ರೈವರ್. ಚಾಸಿ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟು; ಅದರ ನಂಬರ್ ಇರುವ ಜಾಗದಲ್ಲಿ ಬೆರಳು ದಪ್ಪ ಗ್ರೀಸು, ಮಣ್ಣು ಕಟ್ಟಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿದೆ. ಒಂದೊಂದೇ ಅಂಕಿ ಮೇಲೆ ಬಂತು. ಕೊನೆಯ ಅಂಕಿ 3 ಇರಬೇಕೋ 8 ಇರಬೇಕೋ ಗೊತ್ತಾಗಲಿಲ್ಲ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ 8 ಸ್ಪಷ್ಟವಾಗಿ ಮೂಡಿತು. ಆರ್‌ಸಿಯಲ್ಲೂ 8. ಆಮೇಲೆಯೇ ನಾನು ರೇಟಿನ ಮಾತು ತೆಗೆದದ್ದು.

ಸ್ಕ್ರೂಡ್ರೈವರ್ ಕೆಲಸ ನೆಲದ ತಗಡಿನದು. ಡ್ರೈವರ್ ಕಾಲಿಡುವ ಜಾಗದಲ್ಲಿ ಸುಮ್ನೆ ಒತ್ತಿದೆ, ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಸೀಟಿನ ಕೆಳಗಿನ ಟೂಲ್ ಬಾಕ್ಸೂ ಹಾಗೇ. ಆದರೆ ಚಾಸಿ ಗಟ್ಟಿಯಾಗಿತ್ತು. ಸ್ಪ್ರಿಂಗ್ ಪಟ್ಟಿ ಕೂರುವ ಕಡೆ, ಸ್ಟೇರಿಂಗ್ ಬಾಕ್ಸ್ ಬೋಲ್ಟಾಗುವ ಕಡೆ ಬಿರುಕು ಇರಲಿಲ್ಲ. ಬಾಡಿ ಹೋದರೆ ತಗಡು ಕಟ್ಟಬಹುದು, ಚಾಸಿ ಹೋದರೆ ಗುಜರಿಗೇ ದಾರಿ. 2 ಲಕ್ಷದ 10 ಸಾವಿರಕ್ಕೆ ಮಾತು ಮುಗಿಯಿತು.

ದುಡ್ಡು ಕೊಟ್ಟ ಮೇಲೆ ನಾಲ್ಕು ತಿಂಗಳು ಬರೀ ಕಾಗದದ ಓಡಾಟ. ಆರ್‌ಸಿ ಇದ್ದದ್ದು ಮಾರಿದವರ ತೀರಿಹೋದ ತಂದೆಯ ಹೆಸರಿನಲ್ಲಿ. ಮೊದಲು ಫಾರಂ 31 ಹಾಕಿ ಮಗನ ಹೆಸರಿಗೆ, ಅಲ್ಲಿಂದ ಫಾರಂ 29, 30ರಲ್ಲಿ ನನ್ನ ಹೆಸರಿಗೆ. ಬಿ ಎಕ್ಸ್‌ಟ್ರಾಕ್ಟ್ (ಆರ್‌ಟಿಒ ದಾಖಲೆಯ ಪ್ರತಿ) ತೆಗೆಸಿದ್ದರಿಂದ ಹಳೇ ವಿವರವೆಲ್ಲ ಒಂದು ಕಡೆ ಸಿಕ್ಕಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿಯೂ ಸಿಗುತ್ತದೆ. ನಂಬರಿನ ನಡುವೆ ವಿಎ ಅಕ್ಷರ, ಹತ್ತು ವರ್ಷ ಬಾಳಿಕೆ. ನಾನು ಅದು ಮಾಡಿಸಲಿಲ್ಲ. ಅದರಲ್ಲಿ ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ನನಗೆ ತೋಟಕ್ಕೂ ಹೋಗಬೇಕು, ಸಂತೆಗೂ ಹೋಗಬೇಕು. ಹಾಗಾಗಿ ಐದು ವರ್ಷಕ್ಕೊಮ್ಮೆ ನವೀಕರಿಸುವ ಮಾಮೂಲಿ ದಾರಿಯನ್ನೇ ಹಿಡಿದೆ.

ಬಾಡಿ ಇಳಿಸಿದ್ದು ಮನೆ ಹಿಂದಿನ ಹಲಸಿನ ಮರದ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ. ಆಗಲೇ ಒಂದು ತಪ್ಪು ಮಾಡಿದೆ. ಟಿಂಕರಿಂಗ್ ಪೂರ್ತಿ ಒಬ್ಬರ ಕೈಗೆ ಕೊಟ್ಟು ಮೂರು ವಾರ ಆ ಕಡೆ ಹೋಗಲಿಲ್ಲ. ಬಂದು ನೋಡಿದರೆ ತುಕ್ಕಿನ ಮೇಲೇ ತೇಪೆ, ತೇಪೆ ಮೇಲೆ ಪುಟ್ಟಿ. ಆಯಸ್ಕಾಂತ ಹಿಡಿದರೆ ಅಂಟುತ್ತಿರಲಿಲ್ಲ. ಮಲೆನಾಡಿನ ಒಂದೇ ಮಳೆಗಾಲಕ್ಕೆ ಎದ್ದು ಬರುವ ಕೆಲಸ ಅದು. ಎಲ್ಲ ಕೀಳಿಸಿ, ನೆಲವನ್ನು 16 ಗೇಜ್ ತಗಡಿನಲ್ಲಿ ಹೊಸದಾಗಿ ಮಾಡಿಸಿದೆ. ಈ ಸಲ ದಿನಾ ಪಕ್ಕದಲ್ಲೇ ನಿಂತೆ. ನೀರು ಹರಿಯುವ ತೂತುಗಳನ್ನು ಹಳೇ ಜಾಗದಲ್ಲೇ ಕೊರೆಸಿದೆ. ಅವನ್ನು ಮುಚ್ಚಿಬಿಟ್ಟರೆ ಎಂಥ ಪೇಂಟ್ ಹೊಡೆದರೂ ಒಳಗಿಂದ ತುಕ್ಕು ಬರುತ್ತದೆ.

ಎಂಜಿನ್ ಜಾಮ್ ಆಗಿತ್ತು. ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ನಾಲ್ಕೂ ಸಿಲಿಂಡರಿಗೆ ಹುಯ್ದು ಬಿಟ್ಟೆ. ದಿನಾ ಬೆಳಿಗ್ಗೆ ಹ್ಯಾಂಡಲ್ ಹಾಕಿ ಮೆಲ್ಲಗೆ ಅಲ್ಲಾಡಿಸುವುದು, ಜೋರು ಮಾಡುವಂತಿಲ್ಲ. ಒಂಬತ್ತನೇ ದಿನ ‘ಟಕ್’ ಎಂದು ಬಿಟ್ಟುಕೊಂಡಿತು. ಆ ಸದ್ದಿಗೆ ಆದ ಖುಷಿ ಗಾಡಿ ಸ್ಟಾರ್ಟ್ ಆದ ದಿನವೂ ಆಗಲಿಲ್ಲ. ಬೋರು, ಅಂದರೆ ಸಿಲಿಂಡರಿನ ಒಳಗೋಡೆ ಸವೆದಿತ್ತು, 20 ಓವರ್‌ಸೈಜಿಗೆ (ಇಂಚಿನ ಸಾವಿರದಲ್ಲಿ 20 ಭಾಗ ಅಗಲವಾಗಿ) ರೀಬೋರ್ ಮಾಡಿಸಿದೆ. ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು, ಅಂದರೆ ವಾಲ್ವ್ ಬಂದು ಕೂರುವ ಬಳೆ, ಹಾಕಿಸಿದೆ. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಅದು ಸೀಟು ಸವೆಯದಂತೆ ಕಾಯುತ್ತಿತ್ತು. ಈಗಿನದರಲ್ಲಿ ಸೀಸ ಇಲ್ಲ, ಬದಲಿಗೆ ಎಥನಾಲ್ ಇದೆ. ಅದು ಹಳೇ ರಬ್ಬರನ್ನು ತಿನ್ನುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಂ (ಒಳಗಿನ ರಬ್ಬರ್ ಪೊರೆ), ಪೈಪು ಎರಡನ್ನೂ ಎಥನಾಲ್ ತಡೆಯುವ ಜಾತಿಗೆ ಬದಲಾಯಿಸಿದೆ. ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡವರು ಇದೊಂದನ್ನು ಮುಂದೂಡಬೇಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಗೊತ್ತಲ್ವಾ. ಸಣ್ಣಪುಟ್ಟ ಸಾಮಾನು ಜಾಸ್ತಿ ಸಿಕ್ಕಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಹಳೇ ಪಾರ್ಟನ್ನು ಕೈಯಲ್ಲೇ ಹಿಡಿದು ಹೋಗಬೇಕು, ಬಾಯಲ್ಲಿ ಹೇಳಿದರೆ ಆಗುವುದಿಲ್ಲ.

ರಸ್ತೆಗೆ ಇಳಿಸಿದ ಮೇಲೆ ಇನ್ನೊಂದು ಕಾಟ ಶುರುವಾಯಿತು. 40ರ ವೇಗದಲ್ಲಿ ಒಂದು ಗುಂಡಿಗೆ ಬಿದ್ದರೆ ಮುಂದಿನ ಚಕ್ರ ಎರಡೂ ಒದರಾಡುತ್ತಿದ್ದವು, ಸ್ಟೇರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಟೈರು ಬ್ಯಾಲೆನ್ಸ್ ಮಾಡಿಸಿದೆ, ಎರಡು ಚಕ್ರ ಜೋಡಿಸುವ ಕಂಬಿಯ ತುದಿ, ಟೈರಾಡ್ ಎಂಡ್, ಹೊಸದು ಹಾಕಿಸಿದೆ, ಹೋಗಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಮುಂದಿನ ಚಕ್ರ ತಿರುಗುವಾಗ ಆಧಾರವಾಗುವ ಕಿಂಗ್‌ಪಿನ್ ಬೇರಿಂಗಿನಲ್ಲಿ. ಅದರ ಬಿಗಿಯನ್ನು ಕಾಗದದಂಥ ತೆಳು ಶಿಮ್ ಹಾಕಿ, ತೆಗೆದು ಸರಿಮಾಡಬೇಕು. ಬಿಗಿ ಎಷ್ಟಿದೆ ಎಂದು ಅಳೆಯಲು ಸ್ಪ್ರಿಂಗ್ ತಕ್ಕಡಿ ಬೇಕು. ಮೀನು ಮಾರುವವರು ಕೊಕ್ಕೆಗೆ ತೂಗಿಸುತ್ತಾರಲ್ಲ, ಅದೇ. ಸ್ಟೇರಿಂಗ್ ತೋಳಿಗೆ ಕೊಕ್ಕೆ ಸಿಕ್ಕಿಸಿ ಎಳೆಯುವುದು, ಮುಳ್ಳು ನೋಡುವುದು, ಒಂದು ಶಿಮ್ ತೆಗೆಯುವುದು, ಮತ್ತೆ ಎಳೆಯುವುದು. ಎರಡು ಬದಿಗೆ ಒಂದು ಇಡೀ ಭಾನುವಾರ ಹಿಡಿಯಿತು. ಆಮೇಲೆ ಚಕ್ರ ಒದರಿಲ್ಲ.

ಗೇರು ಮೂರೇ. ಓಡುವಾಗಲೂ ಗೇರು ಸಲೀಸಾಗಿ ಕೂರಿಸುವ ಸಿಂಕ್ರೊ ಒಂದನೇ ಗೇರಿಗೆ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು. ತೋಟದ ಏರಿನಲ್ಲಿ ಕೆಸರು ಬಂದಾಗ ಇನ್ನೆರಡು ಸಣ್ಣ ಲಿವರ್‌ಗಳಿಗೆ ಕೈ ಹೋಗುತ್ತದೆ. ಒಂದು ಮುಂದಿನ ಆಕ್ಸಲ್ ಸೇರಿಸುತ್ತದೆ, ಇನ್ನೊಂದು ಲೋ ಗೇರಿಗೆ ಇಳಿಸುತ್ತದೆ. ಆಕ್ಸಿಲೇಟರ್ ಒತ್ತುವುದೇ ಬೇಡ, ತಾನಾಗಿ ಮುದುಕನ ಹಾಗೆ ಹೆಜ್ಜೆ ಇಟ್ಟು ಹತ್ತುತ್ತದೆ. ಹಿಂದೆ ಮೂರು ಮೂಟೆ ಕಾಫಿ ಇದ್ದರೂ ಅಷ್ಟೇ.

ಕೊಂಡ ರೇಟು ಬಿಟ್ಟು ಇಲ್ಲಿಯವರೆಗೆ 3 ಲಕ್ಷದ 40 ಸಾವಿರ ಖರ್ಚಾಗಿದೆ, ಎರಡು ವರ್ಷ ಹಿಡಿದಿದೆ. ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಆಯಿಲ್ ಇನ್ನೂ ಸ್ವಲ್ಪ ಜಿನುಗುತ್ತಿದೆ, ಕೆಳಗೆ ತಟ್ಟೆ ಇಟ್ಟಿದ್ದೇನೆ. ಟಾಪಿನ ಕ್ಯಾನ್ವಾಸು ಹಾಸನದಲ್ಲಿ ಹೊಲಿಯಲು ಕೊಟ್ಟಾಗಿದೆ. ಮಳೆ ಹಿಡಿಯುವ ಮೊದಲು ಬಂದರೆ ಸಾಕು.