ಕೆಂಪು ಗುರುತಿಗೆ ನಾನು ಹೆದರುವುದಿಲ್ಲ

ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಫೈಲ್ ತೆರೆದ ಕೂಡಲೇ, ಪುಟಕ್ಕೆ ತಂದ ಚಿತ್ರಗಳ ಪಟ್ಟಿ ತೋರಿಸುವ ಲಿಂಕ್ಸ್ ಪ್ಯಾನೆಲ್ ತುಂಬ ಕೆಂಪು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಹೊಸಬರು ಗಾಬರಿಯಾಗುತ್ತಾರೆ. ನನಗೆ ಅದು ಗಾಬರಿಯ ವಿಷಯವಲ್ಲ. ಚಿತ್ರ ಸಿಗುತ್ತಿಲ್ಲ ಎಂದು ತಂತ್ರಾಂಶವೇ ಬಾಯಿಬಿಟ್ಟು ಹೇಳುತ್ತಿದೆ. ಹುಡುಕಿ ಕೊಟ್ಟರೆ ಮುಗಿಯಿತು. ಪುಸ್ತಕಗಳನ್ನೂ ಸ್ಮರಣ ಸಂಚಿಕೆಗಳನ್ನೂ ಮುದ್ರಣಕ್ಕೆ ಸಿದ್ಧಪಡಿಸುವ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸುವುದು ಇನ್ನೊಂದು ಬಗೆಯ ತಪ್ಪು. ಪ್ಯಾನೆಲ್ ಯಾವ ಗುರುತನ್ನೂ ತೋರಿಸದೆ ತಣ್ಣಗಿರುತ್ತದೆ, ಆದರೆ ಪುಟದಲ್ಲಿ ಕುಳಿತಿರುವುದು ಬೇರೆಯೇ ಚಿತ್ರ. ನಾನು ಪಾಲಿಸುವ ಕ್ರಮವೆಲ್ಲ ಹೆಚ್ಚಾಗಿ ಈ ಎರಡನೆಯದನ್ನು ತಪ್ಪಿಸುವುದಕ್ಕಾಗಿ.

ಇನ್‌ಡಿಸೈನ್‌ನಲ್ಲಿ ಪ್ಲೇಸ್ ಆಜ್ಞೆ ಕೊಟ್ಟು ಚಿತ್ರ ತಂದಾಗ ಸಾಮಾನ್ಯವಾಗಿ ಒಳಗೆ ಬರುವುದು ಪರದೆಯ ಮೇಲೆ ನೋಡಲು ಸಾಕಾಗುವಷ್ಟು ಒರಟಾದ ಸಣ್ಣ ನಕಲು, ಜೊತೆಗೆ ಅಸಲು ಫೈಲ್ ಎಲ್ಲಿದೆ ಎಂಬ ವಿಳಾಸ, ಅಂದರೆ ಲಿಂಕ್. ಮುದ್ರಣಕ್ಕೆ ಪಿಡಿಎಫ್ ಮಾಡುವ ಹೊತ್ತಿನಲ್ಲಿ ಆ ವಿಳಾಸ ಹಿಡಿದು ಹೋಗಿ ಅಸಲನ್ನು ತರುತ್ತದೆ. ಅಸಲು ಸಿಗದಿದ್ದರೆ ಎಚ್ಚರಿಕೆ ಕೊಡುತ್ತದೆ. ಅದನ್ನು ಓದದೆ ಮುಂದುವರಿದರೆ ಒರಟು ನಕಲೇ ಅಚ್ಚಾಗುತ್ತದೆ. ಪುಟವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಕೈ ಪಳಗಿಸಿಕೊಂಡವರಿಗೆ ಒಂದು ವಿಷಯ ನೆನಪಿರಬಹುದು. ದೊಡ್ಡ ಚಿತ್ರ ತರುವಾಗ ಅದು ಇಷ್ಟು ಕಿಲೋಬೈಟ್ ಆಗುತ್ತದೆ, ಪೂರ್ತಿ ಪ್ರತಿಯನ್ನು ಒಳಗೇ ಸೇರಿಸಲೇ ಎಂದು ಕೇಳುತ್ತಿತ್ತು. ಕಿರಿಕಿರಿಯ ಪ್ರಶ್ನೆ ನಿಜ, ಆದರೆ ಚಿತ್ರ ಒಳಗಿದೆಯೋ ಹೊರಗಿದೆಯೋ ಎಂಬ ಅರಿವು ಪ್ರತಿ ಸಲವೂ ಮೂಡುತ್ತಿತ್ತು. ಈಗ ಬೇರೆ ತಂತ್ರಾಂಶದಿಂದ ಕಾಪಿ ಮಾಡಿ ಪೇಸ್ಟ್ ಮಾಡುವುದು ಎಷ್ಟು ಸಲೀಸಾಗಿದೆಯೆಂದರೆ ಅನೇಕರಿಗೆ ವ್ಯತ್ಯಾಸವೇ ತಿಳಿದಿಲ್ಲ. ಹಾಗೆ ಅಂಟಿಸಿದ ಚಿತ್ರಕ್ಕೆ ಲಿಂಕ್ ಇರುವುದಿಲ್ಲ, ಪ್ಯಾನೆಲ್‌ನಲ್ಲಿ ಹೆಸರೂ ಇರುವುದಿಲ್ಲ, ಆಮೇಲೆ ಬಣ್ಣ ತಿದ್ದಬೇಕೆಂದರೆ ಹಿಡಿಯಲು ತುದಿಯೇ ಸಿಗುವುದಿಲ್ಲ. ನಾನು ಚಿತ್ರವನ್ನು ಪೇಸ್ಟ್ ಮಾಡುವುದೇ ಇಲ್ಲ.

ಇನ್ನು ಹೆಸರು. ಬಹುಪಾಲು ಅನಾಹುತ ಹುಟ್ಟುವುದು ಇಲ್ಲಿ. ಕ್ಯಾಮೆರಾ ಕೊಡುವ ಸಂಖ್ಯೆ 9999 ಮುಟ್ಟಿದ ಮೇಲೆ ಮತ್ತೆ 0001ಕ್ಕೆ ಮರಳುತ್ತದೆ. ಒಂದೇ ಕಂಪನಿಯ ಕ್ಯಾಮೆರಾ ಹಿಡಿದ ಇಬ್ಬರು ಛಾಯಾಗ್ರಾಹಕರು ಚಿತ್ರ ಕಳುಹಿಸಿದರೆ ಅಕ್ಷರಶಃ ಒಂದೇ ಹೆಸರಿನ ಎರಡು ಫೈಲ್‌ಗಳು ಎರಡು ಫೋಲ್ಡರ್‌ಗಳಲ್ಲಿ ಇರುವುದು ತೀರ ಸಾಮಾನ್ಯ. ಕೆಂಪು ಗುರುತುಗಳನ್ನೆಲ್ಲ ಒಟ್ಟಿಗೆ ಸರಿಪಡಿಸಲು ಒಂದು ಫೋಲ್ಡರ್ ತೋರಿಸಿ ರೀಲಿಂಕ್ ಮಾಡಿದಿರೋ, ತಂತ್ರಾಂಶ ನೋಡುವುದು ಹೆಸರನ್ನು ಮಾತ್ರ. ಮುಖಪುಟದ ಮೆರವಣಿಗೆಯ ಜಾಗದಲ್ಲಿ ಯಾರದೋ ಮನೆಯ ಬೆಕ್ಕು ಬಂದು ಕುಳಿತರೂ ಅದರ ಪಾಲಿಗೆ ಲಿಂಕ್ ಸರಿಯಾಗಿದೆ. ಬೆಕ್ಕು ಬಂದರೆ ಪುಣ್ಯ, ಯಾರಾದರೂ ಗಮನಿಸುತ್ತಾರೆ. ಅದೇ ಸಮಾರಂಭದ ಇನ್ನೊಂದು ಚಿತ್ರ, ಸ್ವಲ್ಪ ಬೇರೆ ಜನ ನಿಂತಿರುವಂಥದ್ದು ಬಂದು ಕುಳಿತರೆ ಅಡಿಬರಹದಲ್ಲಿರುವ ಹೆಸರುಗಳೆಲ್ಲ ಸುಳ್ಳಾಗುತ್ತವೆ.

ಹಾಗಾಗಿ ಪುಟಕ್ಕೆ ತರುವ ಮೊದಲೇ ಪ್ರತಿ ಚಿತ್ರಕ್ಕೂ ಹೊಸ ಹೆಸರಿಡುತ್ತೇನೆ. ಮೊದಲು ಅಧ್ಯಾಯದ ಸಂಖ್ಯೆ, ಬಳಿಕ ಆ ಅಧ್ಯಾಯದೊಳಗಿನ ಕ್ರಮಸಂಖ್ಯೆ, ಕೊನೆಗೆ ಚಿತ್ರದಲ್ಲಿರುವುದನ್ನು ಹೇಳುವ ಒಂದೆರಡು ಪದ. ಕ್ರಮಸಂಖ್ಯೆಯನ್ನು ಹತ್ತು, ಇಪ್ಪತ್ತು, ಮೂವತ್ತು ಎಂದು ಬಿಡಿಬಿಡಿಯಾಗಿ ಕೊಡುವುದರಿಂದ ನಡುವೆ ಹೊಸ ಚಿತ್ರ ಬಂದರೂ ಉಳಿದವುಗಳ ಹೆಸರು ಕದಲಿಸಬೇಕಾಗಿಲ್ಲ. ಪುಟಸಂಖ್ಯೆಯನ್ನು ಮಾತ್ರ ಹೆಸರಿನಲ್ಲಿ ಸೇರಿಸುವುದಿಲ್ಲ, ಏಕೆಂದರೆ ಲೇಖಕರು ಒಂದು ಪರಿಚ್ಛೇದ ಸೇರಿಸಿದರೆ ಸಾಕು, ಆ ಸಂಖ್ಯೆಗೆ ಅರ್ಥವಿಲ್ಲ. ಪುಟಕ್ಕೆ ತಂದ ಮೇಲೆ ಹೆಸರು ಬದಲಿಸುವಂತೆಯೂ ಇಲ್ಲ. ತಿದ್ದಿದ ಚಿತ್ರ ಅದೇ ಹೆಸರಿನಲ್ಲಿ ಅದೇ ಜಾಗಕ್ಕೆ ಬರಬೇಕು, ಹಳೆಯದು ಲಿಂಕ್ ಫೋಲ್ಡರಿನಿಂದ ಹೊರಗೆ ಬೇರೆ ಕಡೆ ಹೋಗಬೇಕು. ‘ಫೈನಲ್’, ‘ಹೊಸ ಫೈನಲ್’, ‘ಕೊನೆಯ ಫೈನಲ್’ ಮೂರೂ ಪಕ್ಕಪಕ್ಕ ಕುಳಿತಿರುವ ಫೋಲ್ಡರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಒಬ್ಬರೇ, ಒಂದೇ ಯಂತ್ರದಲ್ಲಿ ಕೆಲಸ ಮಾಡುವುದಾದರೆ ಧಾರಾಳವಾಗಿ ಇಡಬಹುದು. ಫೈಲ್ ಕೈಯಿಂದ ಕೈಗೆ ಹೋಗುವಾಗ ತೊಡಕು ಬರುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋಟೆ’ ಎಂಬುದರ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರು ತುಣುಕುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಕಂಪ್ಯೂಟರುಗಳ ಕಡತ ವ್ಯವಸ್ಥೆ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ವಿಂಡೋಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಹೆಸರು ಎದುರಿಗೇ ಕಾಣುತ್ತಿದ್ದರೂ ಫೈಲ್ ಇಲ್ಲ ಎಂದು ತಂತ್ರಾಂಶ ವಾದಿಸಬಹುದು. ಅದಕ್ಕೇ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟನ್ನೇ ಬಳಸುತ್ತೇನೆ. ಅಭಿಮಾನವೆಲ್ಲ ಪುಟದ ಒಳಗಿರಲಿ.

ಫೋಲ್ಡರುಗಳ ವಿಚಾರದಲ್ಲಿ ನನ್ನದು ಸರಳ ಏರ್ಪಾಡು. ಬಂದ ಚಿತ್ರಗಳು ಬಂದಂತೆಯೇ ಒಂದು ಕಡೆ, ಅವನ್ನು ಮುಟ್ಟುವುದಿಲ್ಲ. ತಿದ್ದಿದವು ವಿನ್ಯಾಸದ ಫೈಲಿನ ಪಕ್ಕದಲ್ಲೇ ಇರುವ ಲಿಂಕ್ಸ್ ಫೋಲ್ಡರಿನಲ್ಲಿ, ಟಿಫ್ ಅಥವಾ ಪಿಎಸ್‌ಡಿ ರೂಪದಲ್ಲಿ. ಜೆಪೆಗ್ ಅನ್ನು ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಗುಣಮಟ್ಟ ಸ್ವಲ್ಪ ಸವೆಯುತ್ತದೆ. ಪೆನ್‌ಡ್ರೈವ್‌ನಿಂದ ನೇರವಾಗಿ ಪ್ಲೇಸ್ ಮಾಡುವ ಚಾಳಿ ಕೆಲವರಿಗಿದೆ. ಡ್ರೈವ್ ತೆಗೆದ ಕ್ಷಣವೇ ವಿಳಾಸ ಸುಳ್ಳು. ಅಂಥ ಫೈಲ್ ನನ್ನ ಕೈಗೆ ಬಂದರೆ, ಆ ಡ್ರೈವ್ ಇನ್ನೂ ಸಿಕ್ಕಿಸಿರುವಾಗಲೇ ಪ್ಯಾನೆಲ್‌ನ ಮೆನುವಿನಲ್ಲಿರುವ ‘ಕಾಪಿ ಲಿಂಕ್ಸ್ ಟು’ ಬಳಸುತ್ತೇನೆ. ಅದು ಚಿತ್ರಗಳನ್ನು ಹೊಸ ಜಾಗಕ್ಕೆ ನಕಲು ಮಾಡಿ ಲಿಂಕುಗಳನ್ನೂ ಅಲ್ಲಿಗೇ ತಿರುಗಿಸಿಬಿಡುತ್ತದೆ. ಇದನ್ನು ಬಳಸುವವರು ಯಾಕೆ ಇಷ್ಟು ಕಡಿಮೆಯೋ ತಿಳಿಯದು.

ಪ್ಯಾನೆಲ್‌ನಲ್ಲಿ ಕಾಣುವ ಇನ್ನೊಂದು ಗುರುತಾದ ಹಳದಿ ತ್ರಿಕೋನ ಹೇಳುವುದು ಅಸಲು ಬದಲಾಗಿದೆ ಎಂದು ಮಾತ್ರ, ಏನು ಬದಲಾಗಿದೆ ಎಂದಲ್ಲ. ಎಲ್ಲವನ್ನೂ ಒಟ್ಟಿಗೆ ಅಪ್‌ಡೇಟ್ ಮಾಡುವ ಬದಲು ಒಂದೊಂದಾಗಿ ಪುಟಕ್ಕೆ ಹೋಗಿ ನೋಡುತ್ತೇನೆ. ಯಾರಾದರೂ ಫೋಟೋಶಾಪ್‌ನಲ್ಲಿ ಅಂಚು ಕತ್ತರಿಸಿದ್ದರೆ ಚೌಕಟ್ಟಿನೊಳಗೆ ಚಿತ್ರ ಸರಿದು, ತಲೆ ಹೊರಗೆ ಉಳಿದಿರುತ್ತದೆ. ಕತ್ತರಿಸುವುದೇನಿದ್ದರೂ ಪುಟದ ಚೌಕಟ್ಟಿನಲ್ಲೇ ಮಾಡಿ ಎನ್ನುವುದು ಜೊತೆಯವರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತು.

ಪ್ಯಾನೆಲ್‌ನಲ್ಲಿ ‘ಎಫೆಕ್ಟಿವ್ ಪಿಪಿಐ’, ಅಂದರೆ ಪುಟದಲ್ಲಿ ಕುಳಿತ ಅಳತೆಗೆ ಚಿತ್ರದ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂದು ತೋರಿಸುವ ಕಾಲಂ ತೆರೆದಿಟ್ಟುಕೊಳ್ಳುತ್ತೇನೆ. 300 ಪಿಪಿಐ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೆ ಪುಟದಲ್ಲಿ ಉಳಿಯುವುದು 150. ನಯವಾದ ಕಾಗದದ ಮೇಲಿನ ಆಫ್‌ಸೆಟ್ ಮುದ್ರಣಕ್ಕೆ ಅದು ಸಾಲದು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಚಿತ್ರಗಳು ಈ ಕಾಲಂನಲ್ಲಿ ಕೂಡಲೇ ಸಿಕ್ಕಿಬೀಳುತ್ತವೆ. ಅವನ್ನು ಡಾಕ್ಯುಮೆಂಟ್ ರೂಪದಲ್ಲಿ ಮತ್ತೆ ಕಳುಹಿಸಿ ಎಂದು ಕೇಳುವುದೇ ದಾರಿ; ಫೋಟೋಶಾಪ್‌ನಲ್ಲಿ ಅಂಕಿ ಹಿಗ್ಗಿಸಿದರೆ ಕಾಲಂ ಸುಮ್ಮನಾಗುತ್ತದೆ, ಚಿತ್ರ ಸುಧಾರಿಸುವುದಿಲ್ಲ.

ಕೊನೆಗೆ, ಎಲ್ಲ ಚಿತ್ರಗಳನ್ನೂ ಫೈಲ್ ಹೆಸರಿನ ಸಮೇತ ಸಣ್ಣದಾಗಿ ಅಚ್ಚು ಹಾಕಿಸಿ, ಅಡಿಬರಹಗಳ ಜೊತೆಗಿಟ್ಟು ಪಿಡಿಎಫ್‌ನ ಪುಟಗಳನ್ನು ತಾಳೆ ನೋಡುತ್ತೇನೆ. ಬೇಸರದ ಕೆಲಸ, ಆದರೆ ಗುರುತಿಲ್ಲದ ತಪ್ಪು ಸಿಗುವುದು ಇಲ್ಲಿ ಮಾತ್ರ. ಆಮೇಲೆ ಪ್ಯಾಕೇಜ್, ಅಂದರೆ ವಿನ್ಯಾಸದ ಫೈಲಿನ ಪ್ರತಿಯನ್ನೂ ಅದರ ಚಿತ್ರಗಳನ್ನೂ ಒಂದೇ ಫೋಲ್ಡರಿಗೆ ಒಟ್ಟುಗೂಡಿಸುವ ಆಜ್ಞೆ. ಪುಟವಿನ್ಯಾಸದ ಬೇರೆ ತಂತ್ರಾಂಶಗಳಾದ ಕ್ವಾರ್ಕ್ ಮತ್ತು ಸ್ಕ್ರೈಬಸ್‌ನಲ್ಲಿ ಇದೇ ಕೆಲಸಕ್ಕೆ ‘ಕಲೆಕ್ಟ್ ಫಾರ್ ಔಟ್‌ಪುಟ್’ ಇದೆ. ಪ್ಯಾಕೇಜ್ ಆದ ಮೇಲೂ ಪರದೆಯ ಮೇಲೆ ತೆರೆದಿರುವುದು ಹಳೆಯ ಫೈಲೇ ಎಂಬುದನ್ನು ಮರೆಯಬಾರದು. ಅದನ್ನು ಮುಚ್ಚಿ, ಹಳೆಯ ಫೋಲ್ಡರಿನ ಹೆಸರು ಬದಲಿಸಿ, ಪ್ಯಾಕೇಜ್‌ನೊಳಗಿನ ಪ್ರತಿಯನ್ನು ತೆರೆಯುತ್ತೇನೆ. ಯಾವುದಾದರೂ ಲಿಂಕ್ ಇನ್ನೂ ಹಳೆಯ ಜಾಗವನ್ನೇ ನಂಬಿಕೊಂಡಿದ್ದರೆ ಆಗ ಕೆಂಪಾಗುತ್ತದೆ. ಮುದ್ರಣಾಲಯದಿಂದ ತಿದ್ದುಪಡಿ ಬಂದರೆ ಅದನ್ನೂ ಈ ಪ್ರತಿಯಲ್ಲೇ ಮಾಡುತ್ತೇನೆ.