ರೈಲ್ವೆ ಗೇಟಿನಲ್ಲಿ ನಡೆದು ದಾಟುವವರ ಲೆಕ್ಕ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮಂಜೇಶ್ವರದವರೆಗೆ ಬಹುತೇಕ ಒಂದೇ ನೋಟ. ಪಡುಬದಿಯಲ್ಲಿ ಕಡಲು, ಮೂಡುಬದಿಯಲ್ಲಿ ಪೇಟೆ ಮತ್ತು ಹೆದ್ದಾರಿ, ನಡುವೆ ರೈಲು ಹಳಿ. 1907ರಲ್ಲಿ ಈ ಹಳಿ ಮಂಗಳೂರು ಮುಟ್ಟಿತು. ಅಂದಿನಿಂದ ಕಡಲ ಬದಿಯವರಿಗೆ ಅಕ್ಕಿ ಬೇಕಾದರೂ ಔಷಧ ಬೇಕಾದರೂ ಹಳಿ ದಾಟಲೇಬೇಕು. ಇಲ್ಲಿನ ಒಂದು ಗೇಟಿಗೆ ಮೇಲ್ಸೇತುವೆ ಯೋಚಿಸಿದಾಗ ಸಾಮಾಜಿಕ ಪರಿಣಾಮ ಅಧ್ಯಯನದ ತಂಡದಲ್ಲಿ ನಾನಿದ್ದೆ. ಕನ್ನಡ ಓದಿ ಬರೆಯಲು ಬರುತ್ತದೆ ಎಂದು ಊರಿನವರ ಜೊತೆ ಮಾತಾಡುವ ಕೆಲಸ ನನಗೆ ಬಂತು.

ಗೇಟು ತೆಗೆದು ಸೇತುವೆ ಕಟ್ಟಬೇಕೋ ಬೇಡವೋ ಎಂದು ರೈಲ್ವೆಯವರು ನೋಡುವುದು ಟಿವಿಯು (ಟ್ರೈನ್ ವೆಹಿಕಲ್ ಯೂನಿಟ್) ಎಂಬ ಲೆಕ್ಕದಿಂದ. ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ, ಎರಡನ್ನೂ ಗುಣಿಸುವುದು. ಕಾರು, ಬಸ್ಸು, ಲಾರಿಗೆ ಒಂದು. ಆಟೋ ರಿಕ್ಷಾಕ್ಕೆ ಅರ್ಧ. ಗುಣಿಸಿದಾಗ 1 ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಅರ್ಧರ್ಧ ಖರ್ಚು ಹಾಕಿ ಸೇತುವೆ ಕಟ್ಟುವುದು ಬಹಳ ಕಾಲದಿಂದ ಬಂದ ಕ್ರಮ. ದಿನಕ್ಕೆ 60 ರೈಲು, 1,700 ವಾಹನ ಇದ್ದರೆ 1,02,000 ಆಯಿತು, ಅಲ್ವಾ? ಈ ಲೆಕ್ಕದಲ್ಲಿ ನಡೆದು ಹೋಗುವವರು ಇಲ್ಲ. ಒಬ್ಬರೂ ಇಲ್ಲ.

ನಾನು ಬೆಳಿಗ್ಗೆ ಐದೂವರೆಗೆ ಗೇಟಿನ ಪಕ್ಕದ ಚಹಾದಂಗಡಿ ಜಗಲಿಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಮೊದಲು ಬಂದವರು ಮೀನು ಮಾರುವ ಹೆಂಗಸರು. ತಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗೇಟು ಬಿದ್ದಿತ್ತು. ಒಬ್ಬರು ಬೋಗುಣಿ ಕೆಳಗಿಟ್ಟು, ಗೇಟಿನ ಅಡಿಯಿಂದ ಅದನ್ನು ಆಚೆ ತಳ್ಳಿ, ತಾವೂ ಬಗ್ಗಿ ದಾಟಿದರು. ಆಮೇಲೆ ಮದ್ರಸಕ್ಕೆ ಹೋಗುವ ಮಕ್ಕಳು, ಶಾಲೆ ಮಕ್ಕಳು, ಡೈರಿಗೆ ಹಾಲು ಒಯ್ಯುವವರು. ಹತ್ತು ಗಂಟೆಯೊಳಗೆ ಗೆರೆ ಎಳೆದು ಎರಡು ಪುಟ ತುಂಬಿತು.

ಮೇಲ್ಸೇತುವೆ ಆದ ಮೇಲೆ ಗೇಟು ಶಾಶ್ವತವಾಗಿ ಮುಚ್ಚುತ್ತದೆ. ಇದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಇಲ್ಲಿ ಹಳಿಯ ಮೇಲೆ 25,000 ವೋಲ್ಟಿನ ತಂತಿ ಇದೆ, ಹಾಗಾಗಿ ಹಳಿಯಿಂದ ಸೇತುವೆಯ ತಳಕ್ಕೆ 6.525 ಮೀಟರ್ ಜಾಗ ಬಿಡಬೇಕು. ಗರ್ಡರು, ಹಾಸು ಸೇರಿ ಇನ್ನೆರಡು ಮೀಟರ್ ಅಂದುಕೊಳ್ಳಿ. ಒಟ್ಟು ಎಂಟೂವರೆ. 30 ಮೀಟರ್ ಹೋದರೆ 1 ಮೀಟರ್ ಏರುವ ಏರು ಅಂದರೆ ಒಂದೊಂದು ಬದಿಗೆ ಸುಮಾರು 255 ಮೀಟರ್. ನಕ್ಷೆಯಲ್ಲಿ ಇದು ಬೆರಳಗಲ ಮಾತ್ರ. ನಾನು ಟೇಪು ಹಿಡಿದು ಅಳೆದು, ಏರು ಮುಗಿಯುವ ಕಡೆ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿದೆ. ಮೀನು ಮಾರುವ ಅಜ್ಜಿ ಒಬ್ಬರು ಅದನ್ನೇ ದಿಟ್ಟಿಸಿ ನೋಡಿದರು. “ಮಗಾ, ಇಲ್ಲಿಂದ ಹತ್ತಿ ಅಲ್ಲಿ ಇಳಿಯುವಾಗ ನನ್ನ ಬೂತಾಯಿ ಕೆಡ್ತದೆ” ಅಂದರು. ನನ್ನ ವರದಿಯ ಅತಿ ಮುಖ್ಯ ಮಾತು ಅದು.

2013ರ ಭೂಸ್ವಾಧೀನ ಕಾನೂನಿನ ಪ್ರಕಾರ ಅಧ್ಯಯನದ ಪ್ರಕಟಣೆ ಊರಿನ ಭಾಷೆಯಲ್ಲಿ ಇರಬೇಕು. ಮೊದಲು ಅಂಟಿಸಿದ್ದು ಮಲಯಾಳದಲ್ಲಿ ಮಾತ್ರ ಇತ್ತು. ಗದ್ದೆ ಹೋಗುವ ಮನೆಯವರೇ ಅದನ್ನು ಓದಲಾಗದೆ ಬಿಟ್ಟಿದ್ದರು. ಕನ್ನಡಿಗರು ಕನ್ನಡದಲ್ಲೇ ಸರಕಾರಿ ಕಚೇರಿಗೆ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಭಾಷಾ ಕಾನೂನಿನಲ್ಲಿದೆ. ಅದನ್ನು ತೋರಿಸಿ, ಪ್ರಕಟಣೆಯನ್ನು ಕನ್ನಡಕ್ಕೆ ತಂದು ರೇಷನ್ ಅಂಗಡಿ, ಮೀನು ಮಾರ್ಕೆಟ್ಟು, ಡೈರಿಯಲ್ಲಿ ಅಂಟಿಸಿದೆವು. ಅಹವಾಲು ಸಭೆಗೆ ಕುರ್ಚಿ ಸಾಲಲಿಲ್ಲ. ನನಗೆ ಅದು ತುಂಬಾ ಖುಷಿ ಕೊಟ್ಟ ದಿನ.

ಪರಿಸರದ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಮೊದಲೇ ಪರಿಸರ ಅನುಮತಿ ಬೇಕಾದ ಯೋಜನೆಗಳು ಯಾವುವು ಎಂದು ಹೇಳುವ 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಯೋಜನೆಗಳಿಲ್ಲ. ಆದರೆ ನಮ್ಮಲ್ಲಿ ಅಷ್ಟಕ್ಕೇ ಬಿಟ್ಟರೆ ಆಗುವುದಿಲ್ಲ. ಕಡಲು ಹತ್ತಿರ, ಅಂದರೆ ಕರಾವಳಿ ನಿಯಂತ್ರಣ ವಲಯದ ಗೆರೆ ಎಲ್ಲಿ ಹೋಗುತ್ತದೆ ನೋಡಬೇಕು. ಉಬ್ಬರದ ನೀರು ಒಳಬರುವ ತೋಡಿನ ದಂಡೆಗೂ ಆ ನಿಯಮ ಇದೆ. ಬೈಲಿನ ಗದ್ದೆ ಇದ್ದರೆ ಕೇರಳದ 2008ರ ಗದ್ದೆ ಮತ್ತು ಜೌಗು ಭೂಮಿ ಕಾನೂನು ಬರುತ್ತದೆ. ಸರ್ವೆ ನಂಬರು ಡಾಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾನೂನಿನಡಿ ಮಾಡಿದ ಗದ್ದೆ ಮತ್ತು ಜೌಗು ಭೂಮಿಯ ಪಟ್ಟಿಯಲ್ಲಿ, ಇದೆಯಾ ಎಂದು ಕೃಷಿ ಭವನದಲ್ಲಿ ಕೇಳಬೇಕು. ಇಷ್ಟೆಲ್ಲ ಕಾಗದ ನೋಡಿದ ನಾನು, ಜಾಗ ನೋಡಿದ್ದು ಫೆಬ್ರವರಿಯಲ್ಲಿ. ತೋಡು ಒಣಗಿತ್ತು. ನಕ್ಷೆಯಲ್ಲಿ ಸಣ್ಣ ಗೆರೆ ಎಳೆದು ಬಿಟ್ಟೆ.

ಜುಲೈಯಲ್ಲಿ ಒಬ್ಬ ಕೃಷಿಕರು ಫೋನ್ ಮಾಡಿದರು. “ಒಮ್ಮೆ ಬಂದು ನೋಡಿ ಮಾರಾಯ್ರೇ.” ಹೋದೆ. ಬೈಲು ಪೂರಾ ಕೆಂಪು ನೀರು. ಹಳಿಯಡಿಯ ಹಳೆಯ ಕಲ್ಲಿನ ಮೋರಿಯೊಂದೇ ಅದಕ್ಕೆ ಕಡಲಿನ ದಾರಿ, ಅದರ ಬಾಯಿ ಕಾಣುತ್ತಲೇ ಇರಲಿಲ್ಲ. ಸೇತುವೆಯ ಏರನ್ನು ಮಣ್ಣು ತುಂಬಿಸಿ ಮಾಡಿದರೆ ಆ ಬೈಲಿಗೆ ಇನ್ನೊಂದು ಕಟ್ಟ ಕಟ್ಟಿದ ಹಾಗೆ. ಕಂಪೌಂಡ್ ಗೋಡೆಯಲ್ಲಿ ನೀರು ನಿಂತ ಗುರುತಿಗೆ ಅಳತೆಯ ಕೋಲು ಹಿಡಿದು ಎತ್ತರ ಬರೆದುಕೊಂಡೆವು. ಈ ಕೆಲಸ ಮಾಡುವ ಕಿರಿಯರು ಯಾರಾದರೂ ಇದ್ದರೆ, ದಯವಿಟ್ಟು ಮಳೆಗಾಲದಲ್ಲಿ ಒಮ್ಮೆ ಹೋಗಿ. ಬೇಸಿಗೆಯ ಸರ್ವೆ ಮಾತ್ರ ನಂಬಬೇಡಿ.

ವರದಿಯಲ್ಲಿ ಎರಡೇ ವಿಷಯಕ್ಕೆ ಜಾಸ್ತಿ ಒತ್ತು ಕೊಟ್ಟೆ. ಬೈಲಿನ ಭಾಗದಲ್ಲಿ ಮಣ್ಣಿನ ಏರು ಬೇಡ, ಕಂಬದ ಮೇಲೆ ಹೋಗಲಿ. ಗೇಟಿದ್ದ ಜಾಗದಲ್ಲೇ ನಡೆಯುವವರಿಗೆ ಒಂದು ಅಂಡರ್‌ಪಾಸ್ ಬೇಕು.

ತಿದ್ದಿದ ನಕ್ಷೆಯಲ್ಲಿ ಎರಡೂ ಬಂತು. ಆದರೆ ಅಂಡರ್‌ಪಾಸಿನ ಬಾಯಿ ನಾವು ಬರೆದುಕೊಂಡ ಜುಲೈ ಗುರುತಿಗಿಂತ ಕೆಳಗಿತ್ತು. ಹಾಗೆಯೇ ಕಟ್ಟಿದ್ದರೆ ಮೊದಲ ಮಳೆಗೇ ತುಂಬುತ್ತಿತ್ತು. ಬಾಯಲ್ಲಿ ಆ ಗುರುತಿಗಿಂತ ಎತ್ತರದ ದಿಬ್ಬ, ಇಳಿಯುವ ದಾರಿಗೆ ಶೀಟಿನ ಮಾಡು, ಒಳಗೆ ನೀರು ಎತ್ತಲು ಹೊಂಡ ಮತ್ತು ಪಂಪು ಬೇಕೆಂದು ಮತ್ತೆ ಬರೆದೆ. ದಿಬ್ಬಕ್ಕೆ ಮೆಟ್ಟಿಲು ಬೇಡ, ಇಳಿಜಾರೇ ಇರಲಿ ಎಂದೂ ಸೇರಿಸಿದೆ. ತಲೆಯ ಮೇಲೆ ಬೋಗುಣಿ ಇಟ್ಟುಕೊಂಡವರಿಗೆ ಕಾಲ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ.